ಗವಿಪುರದ ಹಿತ್ತಲಲ್ಲಿ ಚರಗ

ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಹಂಚಿನ ಮೇಲೆ ಕಾಯುವಾಗ ಒಂದು ವಾಸನೆ ಏಳುತ್ತದೆ. ಎಳ್ಳು ಚಟಪಟ ಸಿಡಿದು ರೊಟ್ಟಿಯ ಅಂಚು ಕಂದುವ ಹೊತ್ತಿನ ವಾಸನೆ. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನನಗೆ ಮೈ ಉರಿಯುತ್ತದೆ. ಕಾರಣ ಗೊತ್ತಿಲ್ಲದವರು ನನ್ನನ್ನು ಊಟದ ರುಚಿ ತಿಳಿಯದವಳು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ಕಳೆದ ಎಳ್ಳಮವಾಸ್ಯೆಗೆ ಚಾಮರಾಜಪೇಟೆಯ ಶಾಲೆಯೊಂದರ ಮೈದಾನದಲ್ಲಿ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಬೆಂಗಳೂರಿಗೆ ಬಂದು ನೆಲೆಸಿದ ಬಿಜಾಪುರದ ಕಡೆಯವರ ಸಂಘವೊಂದು ಅಲ್ಲಿ ಹಬ್ಬ ಇಟ್ಟುಕೊಂಡಿತ್ತು. ಅಮವಾಸ್ಯೆ ವಾರದ ನಡುವೆ ಬಂದಿದ್ದರಿಂದ ಎಲ್ಲರಿಗೂ ರಜೆ ಇರಲಿ ಎಂದು ಅದನ್ನು ಭಾನುವಾರಕ್ಕೆ ಜರುಗಿಸಿದ್ದರು. ಚಂದ್ರನ ಕಡೆಯಿಂದ ಆಕ್ಷೇಪಣೆ ಬಂದಿರಲಿಲ್ಲ. ಶಾಮಿಯಾನದ ಕಂಬಗಳಿಗೆ ಮಾರ್ಕೆಟ್ಟಿನಿಂದ ತಂದ ಜೋಳದ ದಂಟು ಕಟ್ಟಿದ್ದರು. ಬಾಡಿಗೆ ಅಡುಗೆಯವರು ಗ್ಯಾಸ್ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಸುಡುತ್ತಿದ್ದರು. ಸಂಘದ ಉಪಾಧ್ಯಕ್ಷ ನನ್ನ ಅಪ್ಪ. ತಲೆಗೆ ಕೇಸರಿ ಪಟಗ ಸುತ್ತಿಕೊಂಡು, ವೇದಿಕೆಯ ಮೇಲೆ ಕೂತು, ತನ್ನ ಸರದಿಗೆ ಕಾಯುತ್ತಿದ್ದ. ಅವ್ವ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಡಿಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅಪ್ಪ ಮಾತಾಡಬೇಕಿದ್ದ ವಿಷಯ ಚರಗ.

ಚರಗ ಅಂದರೆ ದೊಡ್ಡ ಸಂಗತಿ ಏನಲ್ಲ. ಎಳ್ಳಮವಾಸ್ಯೆಯ ಹೊತ್ತಿಗೆ ನಮ್ಮ ಕಡೆ ಹೊಲದಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ನಂಬಿಕೆ. ಬಸುರಿ ಹೆಂಗಸಿಗೆ ಬಯಕೆಯ ಊಟ ಹಾಕುವ ಹಾಗೆ ಅವಳಿಗೂ ಹಾಕಬೇಕು. ಮನೆಯವರೆಲ್ಲ ಸಜ್ಜಿರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಮೊಸರನ್ನ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ತೊಳೆದು, ಸುಣ್ಣ ಬಳಿದು, ಕುಂಕುಮ ಇಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಎಲ್ಲ ಅಡುಗೆಯನ್ನೂ ಒಂದಿಷ್ಟಿಷ್ಟು ಕಲಸಿ, ಮನೆಯ ಗಂಡಸು ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾ ಬರುತ್ತಾರೆ. ಚೆಲ್ಲುವಾಗ ಕೂಗುವ ಒಂದು ಕೂಗಿದೆ, ಊರಿಂದೂರಿಗೆ ಅದರ ಅಕ್ಷರ ಬೇರೆ. ನಮ್ಮೂರಲ್ಲಿ ‘ಹುಲ್ಲುಲ್ಲಿಗ್ಯೋ’ ಎನ್ನುತ್ತಿದ್ದರು. ನಮ್ಮ ಹೊಲದಲ್ಲಿ ಅದನ್ನು ಕೂಗುತ್ತಿದ್ದವನು ಅಪ್ಪ. ಅವನ ದನಿ ಹಳ್ಳದ ಆಚೆಗೂ ಕೇಳುತ್ತದೆ ಎಂದು ಅಜ್ಜ ಹೆಮ್ಮೆಪಡುತ್ತಿದ್ದ. ಇದನ್ನು ನೆನಪಿನಲ್ಲಿಡಿ.

ನಾವು ಬೆಂಗಳೂರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಜೂನ್ ತಿಂಗಳಲ್ಲಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಬಡ್ತಿ ಸಿಕ್ಕು ಬೆಂಗಳೂರಿನ ದೊಡ್ಡ ಕಚೇರಿಗೆ ವರ್ಗವಾಯಿತು. ಅಜ್ಜ ಆಗಲೇ ತೀರಿಕೊಂಡಿದ್ದ. ಹೊಲವನ್ನು ಊರಲ್ಲಿದ್ದ ಚಿಕ್ಕಪ್ಪನಿಗೆ ಒಪ್ಪಿಸಿ, ಸಾಮಾನನ್ನು ಲಾರಿಗೆ ಹಾಕಿ, ನಾವು ಮೂವರು ಕೆಂಪು ಬಸ್ಸು ಹತ್ತಿದೆವು. ನನಗೆ ಆಗ ಹನ್ನೆರಡು ವರ್ಷ. ಅವ್ವ ದಾರಿಯುದ್ದಕ್ಕೂ ತೊಡೆಯ ಮೇಲೆ ಒಂದು ಬಟ್ಟೆಯ ಗಂಟು ಇಟ್ಟುಕೊಂಡಿದ್ದಳು. ಒಳಗೆ ಬೀಜದ ಜೋಳ ಇತ್ತು. ಬೆಂಗಳೂರಿನಲ್ಲಿ ಅದನ್ನೇನು ತಲೆಯ ಮೇಲೆ ಬಿತ್ತುತ್ತೀಯಾ ಎಂದು ಅಪ್ಪ ನಕ್ಕ.

ಗವಿಪುರದಲ್ಲಿ, ಗವಿ ಗಂಗಾಧರೇಶ್ವರನ ಗುಡಿಯ ಗಂಟೆ ಕೇಳುವಷ್ಟು ಹತ್ತಿರದ ಒಂದು ಹಳೆಯ ಮನೆಯ ಮಹಡಿಯಲ್ಲಿ ಎರಡು ಕೋಣೆ ಸಿಕ್ಕವು. ಕೆಳಗೆ ಮಾಲೀಕರು. ಶ್ರೀಕಂಠಯ್ಯನವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ ಜಯಮ್ಮ. ಮೂರು ತಲೆಮಾರಿನಿಂದ ಅದೇ ಬೀದಿಯಲ್ಲಿದ್ದೇವೆ ಎನ್ನುವುದನ್ನು ಜಯಮ್ಮ ಮೊದಲ ದಿನವೇ ಹೇಳಿದರು. ನಾವು ಬರುವ ಮೊದಲು ಬೀದಿ ಚೆನ್ನಾಗಿತ್ತು ಎಂಬ ಅರ್ಥವನ್ನು ನಾವೇ ಮಾಡಿಕೊಳ್ಳಬೇಕಿತ್ತು.

ಅಪ್ಪ ಆ ಅರ್ಥವನ್ನು ಎಲ್ಲರಿಗಿಂತ ಬೇಗ ಮಾಡಿಕೊಂಡ. ಒಂದು ತಿಂಗಳೊಳಗೆ ಅವನ ಬಾಯಲ್ಲಿ ‘ಹೌದ್ರಿ ಸಾಹೇಬ್ರ’ ಹೋಗಿ ‘ಹೌದು ಸಾರ್’ ಬಂತು. ನನಗೆ ಅವ್ವ ಎನ್ನಬೇಡ, ಅಮ್ಮ ಅನ್ನು ಎಂದ. ಬೀದಿಯಲ್ಲಿ ಅವ್ವ ನನ್ನನ್ನು ಕೂಗಿ ಕರೆದರೆ ಮುಖ ಸಿಂಡರಿಸುತ್ತಿದ್ದ. ಯಾವ ಊರು ಎಂದು ಯಾರಾದರೂ ಕೇಳಿದರೆ ಆ ಕಡೆ ಎಂದು ಕೈ ಬೀಸಿ ಮಾತು ಬದಲಿಸುತ್ತಿದ್ದ. ಆ ಕಡೆಯಲ್ಲಿ ಅವನು ಹುಟ್ಟಿದ ಮನೆಯಿತ್ತು, ಓದಿಸಿದ ಹೊಲವಿತ್ತು. ಏರಿದ ಏಣಿಯನ್ನು ಒದೆಯುವುದು ಅಂದರೆ ಇದೇ ಇರಬೇಕು.

ಬೆಂಗಳೂರಿನ ಮಳೆ ಅವ್ವನಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಮಳೆ ಬಂದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇಲ್ಲಿ ಜೂನ್ ಜುಲೈ ಇಡೀ ಅದು ಬರಲೋ ಬೇಡವೋ ಎಂದು ಗೊಣಗುತ್ತಲೇ ಇತ್ತು. ಒಣಹಾಕಿದ ಸೀರೆ ಒಣಗುತ್ತಿರಲಿಲ್ಲ. ಅಷ್ಟು ಕಡು ಬಿಸಿಲಿನಿಂದ ಬಂದ ಅವಳು ಆಷಾಢದ ಗಾಳಿಗೆ ನಡುಗುತ್ತಾ, ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದಳು.

ಅವಳಿಗೆ ಬಿಸಿ ಸಿಗುತ್ತಿದ್ದದ್ದು ಒಲೆಯ ಮುಂದೆ ಮಾತ್ರ. ಬೆಳಿಗ್ಗೆ ಎದ್ದವಳೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿದು ಬಡಿದು ಅಗಲ ಮಾಡುತ್ತಾರೆ. ಆ ಸಪ್ಪಳ ಊರಲ್ಲಿ ಪ್ರತಿ ಮನೆಯಿಂದಲೂ ಬರುತ್ತಿತ್ತು, ಅದು ಬಾರದ ಮನೆಯಲ್ಲಿ ಏನೋ ಕೆಟ್ಟದಾಗಿದೆ ಎಂದು ನೆರೆಯವರು ವಿಚಾರಿಸುತ್ತಿದ್ದರು. ಗವಿಪುರದಲ್ಲಿ ಅದು ಜಯಮ್ಮನವರ ತಲೆಯ ಮೇಲೆ ಬೀಳುತ್ತಿತ್ತು. ಅವರು ಮೆಟ್ಟಿಲ ಬುಡದಲ್ಲಿ ನಿಂತು, ನೀಲಮ್ಮ, ದಿನಾ ಬೆಳಿಗ್ಗೆ ಬಟ್ಟೆ ಒಗೀತೀರಾ ಮಹಡಿ ಮೇಲೆ ಎಂದು ಕೇಳಿದರು. ನೀಲವ್ವ ಎಂಬ ಅವ್ವನ ಹೆಸರು ಆಗಲೇ ನೀಲಮ್ಮ ಆಗಿತ್ತು. ಅಪ್ಪ ಸಂಜೆ ಬಂದು ರೊಟ್ಟಿ ನಿಲ್ಲಿಸು, ಅನ್ನ ಮಾಡು ಎಂದ. ಅವ್ವ ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿ, ಮೆಲ್ಲಗೆ ಬಡಿಯತೊಡಗಿದಳು. ರೊಟ್ಟಿ ದಪ್ಪವಾಗಿ ಬರುತ್ತಿದ್ದವು.

ಆಗಸ್ಟಿನ ಕೊನೆಗೆ ಅವಳ ಅದೃಷ್ಟ ಸ್ವಲ್ಪ ತಿರುಗಿತು. ಜಯಮ್ಮನವರ ಮಗಳು ವಾಣಿ ಮೊದಲ ಬಸಿರಿನಲ್ಲಿ ತವರಿಗೆ ಬಂದಿದ್ದಳು. ಮೈಸೂರಿನ ಗಂಡನ ಮನೆಯಲ್ಲಿ ವಾಂತಿ ನಿಲ್ಲುತ್ತಿರಲಿಲ್ಲವಂತೆ. ತವರಲ್ಲೂ ತಿಳಿಸಾರು ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಮಹಡಿ ಹತ್ತಿ ಬಂದು, ಆಂಟಿ, ಅದೇನೋ ವಾಸ್ನೆ ಬರುತ್ತಲ್ಲ, ಅದು ಬೇಕು ಎಂದಳು. ಅವ್ವ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಬೆಣ್ಣೆ ಇಟ್ಟು ಕೊಟ್ಟಳು. ವಾಣಿ ನೆಲದ ಮೇಲೆ ಕೂತು ತಿಂದಳು, ಇನ್ನೊಂದು ಕೇಳಿದಳು, ಅದು ಹೊಟ್ಟೆಯಲ್ಲಿ ನಿಂತಿತು. ಅಂದಿನಿಂದ ದಿನವೂ ಅವಳಿಗೆ ಒಂದು ರೊಟ್ಟಿ ಹೋಗತೊಡಗಿತು. ಜಯಮ್ಮನವರಿಗೆ ಸಪ್ಪಳ ಕೇಳಿಸುವುದೂ ನಿಂತಿತು. ಗೋಣಿಚೀಲ ತೆಗೆದು ಅವ್ವ ಮತ್ತೆ ತನ್ನ ಕೈ ತುಂಬ ಬಡಿದಳು.

ಆ ಸಲಿಗೆಯಲ್ಲಿ ಅವಳು ಹಿತ್ತಲಿನ ಮಣ್ಣು ಕೇಳಿದಳು. ಬಾವಿಯ ಪಕ್ಕದಲ್ಲಿ, ಕಾಂಪೌಂಡಿನ ಗೋಡೆಗೆ ಒತ್ತಿಕೊಂಡು, ತೊಟ್ಟಿಲಿನಷ್ಟು ಅಗಲದ ಒಂದು ಪಟ್ಟಿ ಜಾಗ ಸುಮ್ಮನೆ ಬಿದ್ದಿತ್ತು. ಏನಾದ್ರೂ ಹಾಕ್ಕೊಳಿ, ಹೂವಿನ ಗಿಡ ಹಾಕಿದ್ರೆ ದೇವರಿಗಾಗುತ್ತೆ ಎಂದರು ಜಯಮ್ಮ. ಅವ್ವ ದೇವರಿಗೆ ಒಂದು ಸಾಲು ಸೇವಂತಿಗೆ ಹಾಕಿ, ಉಳಿದದ್ದಕ್ಕೆ ಗಂಟು ಬಿಚ್ಚಿದಳು. ಹಿಂಗಾರಿಯ ಹದ ನೋಡಿ, ಸೆಪ್ಟೆಂಬರಿನ ಒಂದು ಒಳ್ಳೆಯ ಮಳೆಯ ಮಾರನೆಯ ದಿನ ಜೋಳ ಬಿತ್ತಿದಳು. ಕೆಂಪು ಮಣ್ಣು, ಅದಕ್ಕೆ ಇದೆಲ್ಲ ಗೊತ್ತಾಗುತ್ತದೋ ಇಲ್ಲವೋ ಎಂದು ಅವಳಿಗೆ ಅನುಮಾನವಿತ್ತು. ಆದರೆ ಜೋಳ ಬಂತು. ದಸರೆಗೆ ಮೊಣಕಾಲೆತ್ತರ, ದೀಪಾವಳಿಗೆ ನನ್ನೆತ್ತರ. ಕಾರ್ತಿಕದಲ್ಲಿ ಗೋಡೆಯ ಆಚೆಯ ಮನೆಯವರು ಇಣುಕಿ ನೋಡಿ, ಇದೇನು ಕಬ್ಬಾ ಎಂದು ಕೇಳಿದರು. ಅವ್ವ ಆ ಪಟ್ಟಿಯನ್ನು ಹೊಲ ಎಂದೇ ಕರೆಯುತ್ತಿದ್ದಳು. ಹೊಲಕ್ಕೆ ಹೋಗಿ ಬರ್ತೀನಿ ಎಂದು ಹೇಳಿ ಮೆಟ್ಟಿಲಿಳಿಯುತ್ತಿದ್ದಳು. ಹೊಟ್ಟೆ ಮುಂದಾಗಿದ್ದ ವಾಣಿ ಮಧ್ಯಾಹ್ನ ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳೊಂದಿಗೆ ಹರಟುತ್ತಿದ್ದಳು. ಆ ವರ್ಷದಲ್ಲಿ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅಲ್ಲೇ.

ಎಳ್ಳಮವಾಸ್ಯೆ ಹತ್ತಿರ ಬಂದಾಗ ಜೋಳ ತೆನೆ ಹೊತ್ತು, ಕಾಳಿಗೆ ಹಾಲು ತುಂಬಿತ್ತು. ಚರಗ ಚೆಲ್ಲಬೇಕು, ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಒಂದು ಸುತ್ತು ಬಂದುಬಿಡು ಎಂದು ಅವ್ವ ಅಪ್ಪನಿಗೆ ಹಿಂದಿನ ದಿನ ಹೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, ಅದನ್ನೆಲ್ಲ ಇಲ್ಲಿ ಮಾಡಿ ನಗೆಪಾಟಲಾಗಬೇಡ ಎಂದ. ಹೊಲ ಅಂತ ಇದ್ದ ಮೇಲೆ ಉಣಿಸದೆ ಬಿಡುವುದು ಹೇಗೆ ಎಂದು ಅವ್ವ ಕೇಳಿದಳು. ಅಪ್ಪ ಪೇಪರಿನ ಹಾಳೆ ತಿರುವಿದ. ಮರುದಿನ ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು, ಕಚೇರಿಯಲ್ಲಿ ಕೆಲಸವಿದೆ ಎಂದು ಹೊರಟುಹೋದ.

ಅವ್ವ ಅಡುಗೆ ಬಿಡಲಿಲ್ಲ. ಸಜ್ಜಿರೊಟ್ಟಿಗೆ ಎಳ್ಳು ಹಚ್ಚಿ ಬೇಯಿಸಿದಳು. ಆ ವಾಸನೆಗೆ ವಾಣಿ ತಾನೇ ಮೇಲೆ ಬಂದು, ಬಿಸಿಬಿಸಿ ಒಂದು ರೊಟ್ಟಿ, ಒಂದು ಕಡುಬು ತಿಂದು ಹೋದಳು. ಜಯಮ್ಮ ಅಮವಾಸ್ಯೆಯ ಪೂಜೆಗೆ ಗುಡಿಗೆ ಹೋಗಿದ್ದರು. ನಾನೂ ಅವ್ವನೂ ಹಿತ್ತಲಿಗಿಳಿದೆವು. ಐದು ಕಲ್ಲು ತೊಳೆದು, ಸುಣ್ಣ ಬಳಿದು, ಕುಂಕುಮ ಇಟ್ಟು ಜೋಳದ ಬುಡದಲ್ಲಿ ಸಾಲಾಗಿ ಇಟ್ಟೆವು. ಗಂಡಸು ಮಾಡಬೇಕಾದ ಕೆಲಸವನ್ನು ಅವ್ವ ತಾನೇ ಮಾಡಿದಳು. ಅವಳು ಚೆಲ್ಲಿದಳು, ನಾನು ಹಿಂದಿನಿಂದ ಚೊಂಬಿನ ನೀರು ಚಿಮುಕಿಸಿದೆ. ಹುಲ್ಲುಲ್ಲಿಗ್ಯೋ ಎಂದು ಅವಳು ಪಿಸುಗುಟ್ಟುವಂತೆ ಕೂಗಿದಳು. ಅಷ್ಟು ಚಿಕ್ಕ ಹೊಲಕ್ಕೆ ಅಷ್ಟು ದನಿ ಸಾಕು ಎಂದಳು.

ಜಯಮ್ಮ ಹಿತ್ತಲ ಬಾಗಿಲಿಗೆ ಬಂದದ್ದು ಆಗಲೇ. ಅವರು ಏನನ್ನು ನೋಡಿದರೋ ಅದನ್ನು ನಾನು ಈಗ ಅವರ ಕಣ್ಣಿನಿಂದಲೂ ನೋಡಬಲ್ಲೆ. ಅಮವಾಸ್ಯೆಯ ದಿನ. ಮನೆಯಲ್ಲಿ ದಿನ ತುಂಬಿದ ಮಗಳು. ಹಿತ್ತಲಲ್ಲಿ ಕುಂಕುಮ ಹಚ್ಚಿದ ಕಲ್ಲು, ಸುತ್ತ ಚೆಲ್ಲಿದ ಕಲಸನ್ನ, ಏನೋ ಮಣಮಣ ಎನ್ನುತ್ತಾ ಸುತ್ತುತ್ತಿರುವ ಬಾಡಿಗೆ ಮನೆಯ ಹೆಂಗಸು. ಬೆಂಗಳೂರಿನ ಯಾವ ತಾಯಿಗಾದರೂ ಇದಕ್ಕೆ ಒಂದೇ ಹೆಸರು ಗೊತ್ತು. ಅವರು ಪ್ರಸಾದದ ಬಟ್ಟಲನ್ನು ಬಾಗಿಲಲ್ಲೇ ಇಟ್ಟು ಮುಂದೆ ಬಂದರು.

“ನನ್ನ ಮಗಳಿಗೆ ಮಾಟ ಮಾಡಿಸ್ತಿದೀರಾ?” ಎಂದರು.

ಅವ್ವ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಅರ್ಥವಾಗಿ, ತನ್ನ ಮಾತಿನಲ್ಲಿ ಇದು ಚರಗ, ಇದು ಹೊಲದ ಪೂಜೆ ಎಂದು ಹೇಳಲು ಹೋದಳು. ಜಯಮ್ಮ ಕೇಳಲಿಲ್ಲ. ಒಳಗೆ ಓಡಿ, ವಾಣಿಯ ಬಾಯಿಗೆ ಬೆರಳು ಹಾಕಿ ತಿಂದದ್ದನ್ನು ವಾಂತಿ ಮಾಡಿಸಿದರು. ಅಷ್ಟು ತಿಂಗಳು ಯಾವ ರೊಟ್ಟಿ ಆ ಹುಡುಗಿಯ ವಾಂತಿ ನಿಲ್ಲಿಸಿತ್ತೋ ಅದೇ ರೊಟ್ಟಿ. ವಾಣಿ ತಾಯಿಗೆ ಒಂದು ಮಾತು ಹೇಳಬಹುದಿತ್ತು. ಕಿಟಕಿಯ ಸರಳು ಹಿಡಿದು ನಿಂತು ನಮ್ಮನ್ನು ನೋಡುತ್ತಿದ್ದಳು, ಹೇಳಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ, ಆದರೆ ಅದು ಸರದಿಯಲ್ಲಿ ಬಹಳ ಹಿಂದೆ ನಿಂತಿದೆ.

ಶ್ರೀಕಂಠಯ್ಯನವರು ಹೊರಗೆ ಬಂದು, ನಿಮ್ಮ ಯಜಮಾನ್ರು ಬರ್ಲಿ, ಅಲ್ಲೀವರೆಗೆ ಏನೂ ಮುಟ್ಬೇಡಿ ಎಂದರು. ಅವ್ವ ಸಮಾಧಾನದಿಂದಲೇ ಮೇಲೆ ಬಂದಳು. ನಾನು ಬಾಗಿಲಿನ ಚಿಲಕ ಹಾಕಿದೆ. ಅವಳು ಮಾತ್ರ ಅಪ್ಪನಿಗೆ ಹೋಳಿಗೆ ತೆಗೆದಿಟ್ಟು ಮುಚ್ಚಿದಳು.

“ಅಂಜಬ್ಯಾಡ. ನಿಮ್ಮಪ್ಪ ಬಂದು ಒಂದ ಮಾತ ಹೇಳಿದ್ರ ಮುಗೀತು. ಇಡೀ ಊರಿಗೆ ಕೇಳಂಗ ಕೂಗಾಂವ ಅಂವಾ,” ಎಂದಳು.

ಆ ಇಡೀ ಹಗಲು ಅವಳು ಉಣ್ಣಲಿಲ್ಲ. ಚರಗ ಚೆಲ್ಲಿದವರು ಮನೆಯವರ ಜೊತೆ ಕೂತು ಉಣ್ಣಬೇಕು, ಅಪ್ಪ ಬರಲಿ ಎಂದು ಕಾದಳು. ಬೀದಿಯಲ್ಲಿ ಸುದ್ದಿ ಹರಡಿ, ಯಾರು ಯಾರೋ ಜಯಮ್ಮನವರ ಮನೆಗೆ ಬಂದು ಹಿತ್ತಲಿಗೆ ಇಣುಕಿ ಹೋದರು. ಅವ್ವ ಕಿಟಕಿಯಿಂದ ಅವರನ್ನು ನೋಡುತ್ತಾ, ಗುಬ್ಬಿಗಳು ತಿನ್ನುತ್ತಿವೆ ನೋಡು, ಚರಗ ಮುಟ್ಟಿತು ಎಂದಳು.

ಸಂಜೆ ಅಪ್ಪ ಗೇಟು ತೆರೆದು ಬರುವಾಗಲೇ ಶ್ರೀಕಂಠಯ್ಯನವರು ಅಂಗಳದಲ್ಲಿ ನಿಂತಿದ್ದರು. ಪಕ್ಕದಲ್ಲಿ ಜಯಮ್ಮ, ಅವರ ಹಿಂದೆ ಬೀದಿಯ ಇಬ್ಬರು ಹೆಂಗಸರು. ನಾನೂ ಅವ್ವನೂ ಇಳಿದು ಬಂದೆವು. ಇಲ್ಲಿ ನಾನು ಆ ವಿಜ್ಞಾನದ ಮೇಷ್ಟ್ರಿಗೆ ಅನ್ಯಾಯ ಮಾಡಬಾರದು. ಅವರು ಕೂಗಾಡಲಿಲ್ಲ. ಕುರ್ಚಿ ಹಾಕಿಸಿ ಅಪ್ಪನನ್ನು ಕೂರಿಸಿದರು.

“ನೋಡಿ, ನಾನು ಇದನ್ನೆಲ್ಲ ನಂಬೋನಲ್ಲ. ಆದ್ರೆ ಮನೇಲಿ ಬಸುರಿ ಹುಡುಗಿ ಇದಾಳೆ, ಇವ್ರು ಹೆದರ್ಕೊಂಡಿದಾರೆ. ನಿಮ್ಮ ಕಡೆ ಏನಾದ್ರೂ ಪದ್ಧತಿ ಇದ್ರೆ ಹೇಳ್ಬಿಡಿ. ಮುಗಿದುಹೋಯ್ತು,” ಎಂದರು.

ಬಾಗಿಲು ತೆರೆದು ಹಿಡಿದು ಬನ್ನಿ ಎಂದ ಹಾಗೆ. ಒಂದು ಮಾತು ಸಾಕಿತ್ತು. ಅಪ್ಪ ಆ ಇಬ್ಬರು ಹೆಂಗಸರನ್ನು ನೋಡಿದ. ಹಿತ್ತಲಿನ ಕಡೆ ನೋಡಿದ. ಅವ್ವನ ಸೆರಗಿಗೆ ಹತ್ತಿದ್ದ ಸುಣ್ಣ ನೋಡಿದ. ಅವನ ಮುಖದಲ್ಲಿ ನಾನು ಕಂಡದ್ದು ಹೆದರಿಕೆಯಾಗಿದ್ದರೆ ಇಷ್ಟು ವರ್ಷಗಳಲ್ಲಿ ಕ್ಷಮಿಸಿಬಿಡುತ್ತಿದ್ದೆ. ಅದು ನಾಚಿಕೆ. ಸುಣ್ಣ ಬಳಿದ ಕಲ್ಲಿಗೆ ಕೈ ಮುಗಿಯುವವರ ಮನೆಯವನು ತಾನು ಎಂದು ಆ ಅಂಗಳದಲ್ಲಿ ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

“ನಮ್ಮ ಕಡೆ ಇಂಥಾದ್ದೇನೂ ಇಲ್ಲ ಸಾರ್,” ಎಂದ. “ಇವ್ಳು ಎಲ್ಲಿ ಕಲ್ತ್ಕೊಂಡ್ಲೋ ನಂಗೊತ್ತಿಲ್ಲ.”

ಅಪ್ಪಾ, ಊರಾಗ ನೀನ ಚೆಲ್ತಿದ್ದಿಲ್ಲೇನು ಎಂದು ನಾನು ಜೋರಾಗಿಯೇ ಕೇಳಿದೆ. ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಅಂಗಳದಲ್ಲಿದ್ದವರಿಗೆ ಹುಡುಗಿ ತಾಯಿಯ ಪರ ವಹಿಸಿ ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿರಬೇಕು. ಪದ್ಧತಿ ಅಲ್ಲ ಎಂದಾದ ಮೇಲೆ ಉಳಿದದ್ದು ಮಾಟವೇ ತಾನೇ. ಗಂಡನೇ ಒಪ್ಪಿದ ಮೇಲೆ ಇನ್ನಾರನ್ನು ಕೇಳಬೇಕು. ಹಿಂದಿದ್ದ ಹೆಂಗಸರಲ್ಲಿ ಒಬ್ಬರು ಬಾಯಿಗೆ ಕೈ ಇಟ್ಟುಕೊಂಡರು.

ಆಮೇಲೆ ಆದದ್ದು ಬೇಗ ಆಯಿತು. ಜಯಮ್ಮ ದೇವರ ಮನೆಯಿಂದ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದರು. ಈ ಮನೆಗೆ ಕೇಡು ಬಯಸಿಲ್ಲ ಎಂದು ಕರ್ಪೂರ ಆರಿಸಿ ಆಣೆ ಮಾಡಬೇಕು. ಆಗಬಹುದು ಎಂದು ಅಪ್ಪ ಅವ್ವನ ಪರವಾಗಿ ಒಪ್ಪಿದ. ಎಷ್ಟೋ ಮಕ್ಕಳಿಗೆ ದಹನಕ್ರಿಯೆ ಪಾಠ ಮಾಡಿದ ಮೇಷ್ಟ್ರು ಕಣ್ಣು ಬೇರೆ ಕಡೆ ತಿರುಗಿಸಿ ನಿಂತರು. ಅವ್ವ ತಟ್ಟೆಯ ಮುಂದೆ ನಿಂತು, ಹೇಳಿಕೊಟ್ಟದ್ದನ್ನು ಹೇಳಿ, ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿದಳು. ರೊಟ್ಟಿ ಬಡಿಯುವ ಬಲಗೈ. ಅವಳು ತಟ್ಟೆಯನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಆರಿದ ಮೇಲೂ ಕೈ ತೆಗೆಯಲಿಲ್ಲ, ಸಾಕಮ್ಮಾ ಎಂದು ಶ್ರೀಕಂಠಯ್ಯನವರೇ ಹೇಳಬೇಕಾಯಿತು.

ಆಮೇಲೆ ಅವಳಿಂದಲೇ ಹಿತ್ತಲು ಬಳಿಸಿದರು. ಚೆಲ್ಲಿದ ಅನ್ನವನ್ನು ಮೊರಕ್ಕೆ ಎತ್ತಿ, ಸಗಣಿ ನೀರು ಹಾಕಿ ಸಾರಿಸಿ, ಐದು ಕಲ್ಲುಗಳನ್ನು ಬೀದಿಯಾಚೆ ಎಸೆದು ಬಂದಳು. ಭೂಮಿಗೆ ಉಣಿಸಿದ್ದನ್ನು ಅದರ ಬಾಯಿಂದ ಕಿತ್ತು ತೆಗೆದ ಹಾಗೆ. ಮಾರನೆಯ ದಿನ ಕೂಲಿಯವನೊಬ್ಬ ಬಂದು ಹಾಲುಗಾಳಿನ ಜೋಳವನ್ನು ಬುಡಕ್ಕೆ ಕೊಯ್ದು ಗೇಟಿನ ಹೊರಗೆ ಹಾಕಿದ. ಬೀದಿಯ ದನಗಳು ತಿಂದವು. ಸೇವಂತಿಗೆಯನ್ನು ಬಿಟ್ಟರು, ಅದು ದೇವರಿಗೆ ಆಗುತ್ತಿತ್ತಲ್ಲ.

ಅವ್ವ ಅಪ್ಪನೊಂದಿಗೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಏನಾದರೂ ಹೇಳಿ ಮುಗಿಸುತ್ತಿದ್ದ. ಅವಳು ರೊಟ್ಟಿ ಬಡಿಯುವ ಕಲ್ಲನ್ನು ಮಂಚದ ಕೆಳಗೆ ತಳ್ಳಿದಳು, ಅಷ್ಟೇ. ಅನ್ನ, ಸಾರು, ಒಮ್ಮೊಮ್ಮೆ ಚಪಾತಿ. ಅಂಗೈ ಸುಟ್ಟಿದೆ, ಅದಕ್ಕೇ ಎಂದು ಅಪ್ಪ ಮೊದಲು ಅಂದುಕೊಂಡ. ಗಾಯ ಮಾಯ್ದು ಎಷ್ಟೋ ದಿನಗಳಾದ ಮೇಲೆ, ರೊಟ್ಟಿ ಮಾಡಲ್ವಾ ಎಂದು ಕೇಳಿದ. ಬಡಿದರೆ ಸಪ್ಪಳವಾಗುತ್ತದೆ ಎಂದಳು. ಮತ್ತೆ ಅವನು ಕೇಳಲಿಲ್ಲ. ರೊಟ್ಟಿ ಬೇಕಾದಾಗ ಕಾಟನ್‌ಪೇಟೆಯ ಖಾನಾವಳಿಯೊಂದಕ್ಕೆ ಹೋಗಿ ತಿಂದು ಬರುತ್ತಿದ್ದ.

ವಾಣಿಗೆ ಸಂಕ್ರಾಂತಿ ಕಳೆದು ಗಂಡು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಬೀದಿಗೆಲ್ಲ ಸಕ್ಕರೆ ಹಂಚಿದರು, ಮೆಟ್ಟಿಲು ಹತ್ತಲಿಲ್ಲ. ಸದ್ಯ, ಅವತ್ತು ಆಣೆ ಮಾಡ್ಸಿದ್ದಕ್ಕೆ ಎಲ್ಲ ಸುಸೂತ್ರ ಆಯ್ತು ಎಂದು ಜಯಮ್ಮ ಗೇಟಿನ ಹತ್ತಿರ ಯಾರಿಗೋ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ. ನನ್ನ ಆ ವರ್ಷದ ಶಾಲೆ ಮುಗಿದ ಕೂಡಲೇ ನಾವು ವೈಯಾಲಿಕಾವಲ್‌ಗೆ ಮನೆ ಬದಲಾಯಿಸಿದೆವು. ನಲ್ಲಿಯಲ್ಲಿ ನೀರು ಸರಿಯಾಗಿ ಬರುವುದಿಲ್ಲ, ಅದಕ್ಕೇ ಬಿಟ್ಟೆವು ಎಂದು ಅಪ್ಪ ಎಲ್ಲರಿಗೂ ಹೇಳಿದ.

ಇದೆಲ್ಲ ಆಗಿ ಕಾಲ ಬಹಳ ಸರಿದಿದೆ. ಕಾಲ ಸರಿದರೆ ಸಿಟ್ಟು ಇಳಿಯುತ್ತದೆ ಎನ್ನುವವರಿಗೆ ನನ್ನ ಅಪ್ಪನನ್ನು ತೋರಿಸಬೇಕು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಂಗಳೂರಿನಲ್ಲಿ ನಮ್ಮ ಕಡೆಯವರು ಹೆಚ್ಚಾದರು. ಖಾನಾವಳಿಗಳು ಎಲ್ಲೆಲ್ಲೂ ಎದ್ದವು, ರೊಟ್ಟಿ ತಿನ್ನುವುದು ದೊಡ್ಡಸ್ತಿಕೆಯಾಯಿತು. ಸಂಘ ಕಟ್ಟಿದರು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅಪ್ಪ ಪಳಗಿದ ಕೈ. ಬಿಟ್ಟ ಮಾತೆಲ್ಲ ಅವನ ಬಾಯಿಗೆ ವಾಪಸ್ಸು ಬಂತು. ಅವ್ವ ಎನ್ನಬೇಡ ಎಂದವನು, ಮೊಮ್ಮಗಳು ನನ್ನನ್ನು ಮಮ್ಮಿ ಎಂದರೆ ಸಂಸ್ಕೃತಿ ಹಾಳಾಯಿತು ಎಂದು ಗದರಿದ. ಈ ಅವಧಿಯಲ್ಲಿ ಗವಿಪುರದ ಹೆಸರು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಅವನಿಗೆ ಮರೆತೇಹೋಗಿದೆ ಎಂದು ಅವ್ವ ಒಮ್ಮೆ ನನಗೆ ಹೇಳಿದಳು. ನೆನಪಿದ್ದೂ ಹೇಳದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದಳು.

ಚಾಮರಾಜಪೇಟೆಯ ಆ ವೇದಿಕೆಯ ಮೇಲೆ ಅಪ್ಪ ಚೆನ್ನಾಗಿ ಮಾತಾಡಿದ. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಬಸುರಿ ಭೂಮಿತಾಯಿಯ ಬಗ್ಗೆ, ಅವಳ ಬಯಕೆಯ ಬಗ್ಗೆ, ಉಣ್ಣುವ ಮೊದಲು ಉಣಿಸುವ ನಮ್ಮ ಹಿರಿಯರ ದೊಡ್ಡತನದ ಬಗ್ಗೆ ಹೇಳುತ್ತಾ ಅವನು ಪಟಗದ ಚುಂಗಿನಿಂದ ಕಣ್ಣೊರೆಸಿಕೊಂಡ. ಬೇರೆಯವರು ನಕ್ಕರೆ ನಗಲಿ, ನಮ್ಮ ಪದ್ಧತಿಗೆ ನಾವು ನಾಚಿಕೊಳ್ಳಬಾರದು ಎಂದಾಗ ಜನ ಚಪ್ಪಾಳೆ ತಟ್ಟಿದರು. ಅವ್ವ ಕದಲದೆ ಕೇಳುತ್ತಿದ್ದಳು.

ಆಮೇಲೆ ಅವನು ಚರಗದ ಬುಟ್ಟಿಯನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೈಕು ಹಿಡಿದು, ವೇದಿಕೆಯಿಂದಿಳಿದು ನೇರ ನಮ್ಮ ಸಾಲಿಗೆ ಬಂದ. ಫೋಟೊ ತೆಗೆಯುವವನು ಹಿಂದೆಯೇ ಬಂದ.

“ಈಗ ನಮ್ಮ ಮನಿಯವ್ರು ಮೊದಲನೇ ಚರಗ ಚೆಲ್ತಾರ್ರಿ. ನಮ್ಮ ಕಡೆ ಹೆಣ್ಮಕ್ಕಳ ಕೈಯಾಗ ಇನ್ನೂ ಇದು ಉಳದೈತಿ,” ಎಂದು ಬುಟ್ಟಿಯನ್ನು ಅವ್ವನ ಮುಂದೆ ಚಾಚಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ, ಕೂಗಲಿ ಎಂದು.

ಅವ್ವ ಎದ್ದು ನಿಂತಳು.

“ನಮ್ಮ ಕಡೆ ಇಂಥಾದ್ದೇನೂ ಇಲ್ಲ ಸಾರ್,” ಎಂದಳು.

ಅಪ್ಪಟ ಗವಿಪುರದ ಕನ್ನಡದಲ್ಲಿ, ಸ್ಪಷ್ಟವಾಗಿ. ಶಾಮಿಯಾನದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಹೇಳಿದವು. ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದು ಜನ ಗೊಳ್ಳೆಂದು ನಕ್ಕರು, ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಅಪ್ಪ ನಗಲಿಲ್ಲ. ಅವನಿಗೆ ಮರೆತಿಲ್ಲ ಎನ್ನುವುದು ನಮ್ಮಿಬ್ಬರಿಗೂ ಆಗ ಗೊತ್ತಾಯಿತು. ಮೈಕು ಕೆಳಗಿಳಿಸಿ ಅವನು ಅವ್ವನ ಬಲ ಅಂಗೈಯನ್ನು ನೋಡುತ್ತಿದ್ದ. ಅವ್ವ ಸೆರಗು ಸರಿಮಾಡಿಕೊಂಡು, ಅವನನ್ನು ಬಳಸಿಕೊಂಡು ಹೊರನಡೆದಳು.

ರಸ್ತೆಯಲ್ಲಿ ನಾನು ಆಟೊ ನಿಲ್ಲಿಸಿದೆ. ವೈಯಾಲಿಕಾವಲ್ ಬೇಡ, ನಿಮ್ಮ ಮನೆಗೇ ಹೋಗೋಣ ಎಂದಳು. ನಾನಿರುವುದು ಹನುಮಂತನಗರದಲ್ಲಿ, ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ. ಅರ್ಧ ದಾರಿಯಲ್ಲಿ, “ಮನ್ಯಾಗ ಜ್ವಾಳದ ಹಿಟ್ಟ ಐತೇನು?” ಎಂದು ಕೇಳಿದಳು. ಇರಲಿಲ್ಲ. ಗಾಂಧಿಬಜಾರಿನಲ್ಲಿ ಆಟೊ ನಿಲ್ಲಿಸಿ ತಂದೆವು.

ಬಿಸಿನೀರು ಹಾಕಿ ನಾದಿ, ಅಡುಗೆಮನೆಯ ನೆಲದ ಮೇಲೆ ಕೂತು ಅವಳು ಬಡಿಯತೊಡಗಿದಳು. ಮೊದಲನೆಯದು ಹರಿಯಿತು. ಎರಡನೆಯದಕ್ಕೆ ಕೈ ಕುದುರಿತು. ಕೆಳಗಿನ ಮನೆಯವರು ಏನಾದರೂ ಅಂದಾರು ಎಂದು ಅವಳು ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟೆ.